ಗ್ರಂಥಾಲಯದ ಬ್ಲಾಗು, ಪಾಡ್‌ಕಾಸ್ಟು ಕಪಾಟಿನ ದಾರಿ ತೋರಬೇಕು

ಮಾನ್ಯ ಸಂಪಾದಕರೇ,

ದೊಡ್ಡ ಗ್ರಂಥಾಲಯಗಳು ಈಗ ಬ್ಲಾಗ್ ಬರೆಸುತ್ತವೆ, ಪಾಡ್‌ಕಾಸ್ಟ್ ಹೊರತರುತ್ತವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಒಂದೇ ಹಳೆಯ ಪತ್ರಿಕೆಗಳಿಗೊಂದು, ಕಾನೂನಿಗೊಂದು, ಡಿಜಿಟಲ್ ಸಂರಕ್ಷಣೆಗೊಂದು ಎಂದು ಬೇರೆಬೇರೆ ಬ್ಲಾಗ್ ನಡೆಸುತ್ತದೆ. ಯಾರೋ ಲಿಂಕ್ ಕಳಿಸಿದರೆ ನಾವು ಮೇಲಿನೆರಡು ಪ್ಯಾರಾ ಓದುತ್ತೇವೆ, ಇಲ್ಲವೇ ಹತ್ತು ನಿಮಿಷ ಕೇಳಿ ಬಿಡುತ್ತೇವೆ. ಆದರೆ ಇವುಗಳ ಅಸಲಿ ಸರಕು ಇರುವುದು ಯಾರೂ ನೋಡದ ಜಾಗದಲ್ಲಿ: ಚಿತ್ರದ ಅಡಿಬರಹದಲ್ಲಿ, ಕೊನೆಯ ಟಿಪ್ಪಣಿಯಲ್ಲಿ, ಪಾಡ್‌ಕಾಸ್ಟ್ ಆದರೆ ಕಂತಿನ ವಿವರಣೆಯಲ್ಲಿ.

ಹಸ್ತಪ್ರತಿಯೊಂದರ ಚಿತ್ರ ಹಾಕಿದ್ದಾರೆ ಎನ್ನೋಣ. ಅದರ ಕೆಳಗೆ ಸಣ್ಣಕ್ಷರದಲ್ಲಿ ಸಂಗ್ರಹದ ಹೆಸರು, ಕರೆಸಂಖ್ಯೆ (ಗ್ರಂಥಾಲಯದಲ್ಲಿ ಆ ಪ್ರತಿಯನ್ನು ಗುರುತಿಸುವ ಸಂಖ್ಯೆ), ಹಾಳೆಯ ಸಂಖ್ಯೆ ಇರುತ್ತವೆ. ಹಾಳೆಯ ಸಂಖ್ಯೆಗೆ ಅಂಟಿಕೊಂಡು ಇಂಗ್ಲಿಷಿನ ‘ಆರ್’ ಇದ್ದರೆ ಅದು ಹಾಳೆಯ ಮುಂಬದಿ, ‘ವಿ’ ಇದ್ದರೆ ಹಿಂಬದಿ. ಈ ಸಾಲನ್ನು ಹಾಗೇ ನಕಲಿಸಿ ಕ್ಯಾಟಲಾಗಿನಲ್ಲಿ ಹುಡುಕಿದರೆ ಬಹುತೇಕ ಏನೂ ಸಿಗುವುದಿಲ್ಲ. ಕ್ಯಾಟಲಾಗು ವಿವರಿಸುವುದು ಇಡೀ ಸಂಪುಟವನ್ನು, ಒಂದೊಂದು ಹಾಳೆಯನ್ನಲ್ಲ. ಹಾಳೆಯ ಸಂಖ್ಯೆ ತೆಗೆದು ಕರೆಸಂಖ್ಯೆಯನ್ನಷ್ಟೇ ಕೊಡಿ. ಆಗಲೂ ಸಿಗದಿದ್ದರೆ ನೀವು ಪುಸ್ತಕಗಳ ಕ್ಯಾಟಲಾಗಿನಲ್ಲಿ ಹುಡುಕುತ್ತಿರಬಹುದು. ಎಷ್ಟೋ ಕಡೆ ಹಸ್ತಪ್ರತಿ, ಕಡತ, ಖಾಸಗಿ ಪತ್ರಗಳಿಗೆ ಕ್ಯಾಟಲಾಗೇ ಪ್ರತ್ಯೇಕ. ಗ್ರಂಥಪಾಲಕರಿಗೆ ಪತ್ರ ಬರೆಯುವಾಗ ಮಾತ್ರ ಹಾಳೆಯ ಸಂಖ್ಯೆ ಬಿಡಬಾರದು. ‘ನಿಮ್ಮ ಬ್ಲಾಗಿನಲ್ಲಿ ನೋಡಿದ ಆ ಚಿತ್ರ’ ಎಂದರೆ ಅವರೂ ಹುಡುಕುತ್ತಲೇ ಕೂರಬೇಕಾಗುತ್ತದೆ.

ಬ್ಲಾಗ್ ಬರಹಕ್ಕೂ ಕ್ಯಾಟಲಾಗಿಗೂ ಒಂದೇ ತೂಕ ಕೊಡುವುದು ಸರಿಯಲ್ಲ. ಬ್ಲಾಗು ಒಬ್ಬ ಸಿಬ್ಬಂದಿ ಆ ದಿನಕ್ಕೆ ತಿಳಿದದ್ದನ್ನು ಬರೆದದ್ದು. ಆಮೇಲೆ ಕರ್ತೃವಿನ ಹೆಸರೋ ಕಾಲವೋ ತಿದ್ದುಪಡಿಯಾದರೆ ಕ್ಯಾಟಲಾಗಿನಲ್ಲಿ ತಿದ್ದುತ್ತಾರೆ, ಹಳೆಯ ಬ್ಲಾಗು ಹಾಗೇ ಉಳಿಯುತ್ತದೆ. ಹಾಗಾಗಿ ಮೊದಲು ತಾರೀಕು ನೋಡಬೇಕು. ವಾಚನಾಲಯದ ವೇಳೆ, ಸದಸ್ಯತ್ವದ ನಿಯಮ ಇಂಥವನ್ನಂತೂ ಹಳೆಯ ಬರಹ ನಂಬಿ ಹೊರಡಲೇಬಾರದು.

ಇನ್ನು, ಹೊಸದು ಬಂದಾಗ ತಿಳಿಯುವುದು ಹೇಗೆ? ಸಾಮಾಜಿಕ ಜಾಲತಾಣದಲ್ಲಿ ಫಾಲೋ ಮಾಡಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ಸಾಲದು. ಅಲ್ಲಿ ಯಾವುದನ್ನು ತೋರಿಸಬೇಕು ಎಂದು ತೀರ್ಮಾನಿಸುವುದು ಆ ಕಂಪನಿ. 1999ರಲ್ಲಿ ಶುರುವಾದ ಆರ್‌ಎಸ್‌ಎಸ್ ಫೀಡ್, ಅಂದರೆ ಹೊಸ ಬರಹಗಳ ಪಟ್ಟಿಯನ್ನು ಆ್ಯಪ್‌ಗಳು ತಾವೇ ಓದಿಕೊಳ್ಳುವಂತೆ ಜಾಲತಾಣ ಇಡುವ ಕಡತ, ಇಂದಿಗೂ ಇದಕ್ಕಿಂತ ಭರವಸೆಯದು. ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ನಡೆಯುವ ಬ್ಲಾಗಾದರೆ ಮುಖಪುಟದ ವಿಳಾಸದ ಕೊನೆಗೆ ಓರೆಗೆರೆ (/) ಹಾಕಿ ಇಂಗ್ಲಿಷಿನಲ್ಲಿ ‘ಫೀಡ್’ ಎಂದು ಸೇರಿಸಿದರೆ ಸಾಮಾನ್ಯವಾಗಿ ಫೀಡಿನ ವಿಳಾಸ ಸಿಗುತ್ತದೆ. ಅದನ್ನು ಫೀಡ್ ರೀಡರ್ ಆ್ಯಪಿಗೆ ಕೊಟ್ಟರೆ ಮುಗಿಯಿತು. ಒಂದು ಎಚ್ಚರ: ಯಾರೂ ಬದಲಿಸದಿದ್ದರೆ ವರ್ಡ್‌ಪ್ರೆಸ್ ಫೀಡಿನಲ್ಲಿ ಇತ್ತೀಚಿನ 10 ಬರಹಗಳಷ್ಟೇ ಇರುತ್ತವೆ. ಅದಕ್ಕೂ ಹಿಂದಿನವು ಬೇಕಾದರೆ ಬ್ಲಾಗಿನ ತಿಂಗಳವಾರು ಸಂಗ್ರಹಕ್ಕೋ ವಿಷಯಸೂಚಕ ಟ್ಯಾಗ್‌ಗಳಿಗೋ ಹೋಗಬೇಕು.

ಪಾಡ್‌ಕಾಸ್ಟ್ ಎಂದರೂ ಇದೇ ಫೀಡು, ಒಳಗೆ ಆಡಿಯೊ ಕಡತದ ವಿಳಾಸ ಇರುತ್ತದೆ ಅಷ್ಟೆ. ಆ್ಯಪಿನ ಹುಡುಕಾಟದಲ್ಲಿ ನಿಮ್ಮ ಗ್ರಂಥಾಲಯದ ಹೆಸರು ಬರಲಿಲ್ಲವೆಂದರೆ ಪಾಡ್‌ಕಾಸ್ಟೇ ಇಲ್ಲವೆಂದಲ್ಲ. ಆ ಆ್ಯಪಿನ ಪಟ್ಟಿಗೆ ಸೇರಿಸಿಲ್ಲದಿರಬಹುದು. ವಿಳಾಸ ಹಾಕಿ ಸೇರಿಸುವ ಸೌಲಭ್ಯವಿರುವ ಆ್ಯಪ್ ಇಟ್ಟುಕೊಂಡರೆ ಈ ತಾಪತ್ರಯವಿಲ್ಲ. ಆ್ಯಪ್‌ಗಳನ್ನೂ ಪೂರ್ತಿ ನೆಚ್ಚಬೇಡಿ: ಗೂಗಲ್ ರೀಡರ್ 2013ರಲ್ಲಿ, ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಬಾಗಿಲು ಹಾಕಿದವು. ಸೆಟ್ಟಿಂಗ್ಸ್‌ನಲ್ಲಿ ಒಪಿಎಂಎಲ್ ಎಕ್ಸ್‌ಪೋರ್ಟ್ ಎಂಬುದಿದ್ದರೆ ಆಗಾಗ ಒತ್ತಿ, ನಿಮ್ಮ ಚಂದಾದಾರಿಕೆಗಳ ಪಟ್ಟಿಯಿರುವ ಆ ಕಡತ ಉಳಿಸಿಕೊಳ್ಳಿ. ಇನ್ನೊಂದು ಆ್ಯಪಿಗೆ ಅದನ್ನು ಕೊಟ್ಟರೆ ನಿಮ್ಮ ಚಂದಾದಾರಿಕೆಗಳೆಲ್ಲ ಅಲ್ಲಿ ಬಂದು ಕೂರುತ್ತವೆ.

ಡೇಟಾದ ಲೆಕ್ಕವೂ ಸರಳ. ಸೆಕೆಂಡಿಗೆ 64 ಕಿಲೋಬಿಟ್ (ಕೆಬಿಪಿಎಸ್) ದರದಲ್ಲಿ ಸಿದ್ಧಪಡಿಸಿದ ಅರ್ಧ ಗಂಟೆಯ ಕಂತು ಸುಮಾರು 14 ಎಂಬಿ, 128ರಲ್ಲಾದರೆ ಅದರ ಎರಡರಷ್ಟು. ಮಾತಿಗೆ 64 ಧಾರಾಳ ಸಾಕು. ಫೋನ್ ತುಂಬಿಹೋಗುವುದು ಒಂದು ಕಂತಿನಿಂದಲ್ಲ, ಸ್ವಯಂ ಡೌನ್‌ಲೋಡ್ ಚಾಲೂ ಇಟ್ಟು ಮರೆಯುವುದರಿಂದ. ಪ್ರತಿ ಪಾಡ್‌ಕಾಸ್ಟಿಗೆ ಕೊನೆಯ ಎರಡು ಮೂರು ಕಂತು ಎಂದು ಮಿತಿ ಹಾಕಿಬಿಡಿ.

ಕಂತಿನಲ್ಲಿ ನಿಮಗೆ ಬೇಕಾದ ಮಾತು ಎಲ್ಲಿದೆ ಎಂದು ತಿಳಿಯಲು ಪಠ್ಯರೂಪವೇ, ಅಂದರೆ ಮಾತನ್ನು ಬರಹಕ್ಕಿಳಿಸಿದ್ದೇ, ದಾರಿ. ಯಂತ್ರ ತಯಾರಿಸಿದ ಪಠ್ಯರೂಪವಾದರೆ ಮೊದಲು ಕೆಡುವುದು ವ್ಯಕ್ತಿ, ಊರುಗಳ ಹೆಸರು. ಹೆಸರು ಹುಡುಕಿ ಸಿಗದಿದ್ದರೆ ಅದರ ಆಸುಪಾಸು ಬರಬಹುದಾದ ಸಾಮಾನ್ಯ ಪದ ಹುಡುಕಿ: ‘ದಿನಚರಿ’, ‘ನಕ್ಷೆ’, ‘ಮುದ್ರಣಾಲಯ’ ಹೀಗೆ. ಕೇಳಿದ ಹೆಸರಿನ ಕಾಗುಣಿತವನ್ನು ಕಂತಿನ ವಿವರಣೆಯಲ್ಲೋ ಕ್ಯಾಟಲಾಗಿನಲ್ಲೋ ಖಚಿತ ಮಾಡಿಕೊಳ್ಳದೆ ಬರೆದುಕೊಳ್ಳಬೇಡಿ.

ಗ್ರಂಥಾಲಯಗಳಿಗೂ ಹೇಳಬೇಕಾದ್ದಿದೆ. ಜಾಲತಾಣ ಹೊಸದು ಮಾಡಿದಾಗ ಹಳೆಯ ಫೀಡಿನಿಂದ ಹೊಸದಕ್ಕೆ 301 ಎಂಬ ಶಾಶ್ವತ ಮರುನಿರ್ದೇಶನ ಹಾಕದೇ ಹೋದರೆ ಕೇಳುಗರಿಗೆ ಯಾವ ಸುದ್ದಿಯೂ ಇಲ್ಲದೆ ಕಂತುಗಳು ನಿಂತುಹೋಗುತ್ತವೆ. ಅವರು ಪಾಡ್‌ಕಾಸ್ಟೇ ನಿಂತಿತು ಎಂದುಕೊಳ್ಳುತ್ತಾರೆ, ಇತ್ತ ಕೇಳುಗರು ಕಡಿಮೆಯಾದರು ಎಂದು ಕಾರ್ಯಕ್ರಮಕ್ಕೇ ಕತ್ತರಿ ಬೀಳುತ್ತದೆ. ಚರ್ಚಿಸಿದ ಪ್ರತಿ ಪುಸ್ತಕದ ಕರೆಸಂಖ್ಯೆಯನ್ನು ವಿವರಣೆಯಲ್ಲಿ ಕೊಡದ ಪಾಡ್‌ಕಾಸ್ಟ್ ಬರೀ ಹರಟೆ. ಎಷ್ಟೇ ಸೊಗಸಾಗಿದ್ದರೂ ಕೇಳಿದವರನ್ನು ಕಪಾಟಿನವರೆಗೆ ಕರೆತರಲಾರದು.

ಬ್ಲಾಗ್ ಬೇರೆಯವರ ವೇದಿಕೆಯಲ್ಲಿದ್ದರೆ ಅಪಾಯ ಇನ್ನೂ ಹೆಚ್ಚು. ಎರಡು ದಶಕ ನಡೆದ ಟೈಪ್‌ಪ್ಯಾಡ್ ಎಂಬ ವೇದಿಕೆ 2025ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಲೇಖನಕ್ಕೋ ಸಂಶೋಧನೆಗೋ ಬಳಸಿಕೊಂಡ ಪುಟವನ್ನು, ಜಾಲಪುಟಗಳ ಪ್ರತಿ ಕಾಪಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ‘ಸೇವ್ ಪೇಜ್ ನೌ’ ಕೊಟ್ಟು ಉಳಿಸಿ, ಆ ವಿಳಾಸವನ್ನೂ ಬರೆದಿಡಿ. ಮುಖಪುಟ ಉಳಿಸಿ ಪ್ರಯೋಜನವಿಲ್ಲ, ಆ ಬರಹದ್ದೇ ವಿಳಾಸ ಬೇಕು. ಪುಟ ಉಳಿದರೂ ಅದರೊಳಗಿನ ಆಡಿಯೊ ಉಳಿಯದೇ ಇರಬಹುದು, ಆದ್ದರಿಂದ ಕಂತನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಿ. ಉಲ್ಲೇಖಿಸುವಾಗ ಕಂತಿನ ಹೆಸರು, ತಾರೀಕಿನ ಜೊತೆ ಮಾತು ಬರುವ ನಿಮಿಷ, ಸೆಕೆಂಡನ್ನೂ ಕೊಡಿ. ಕೆಲವು ಪಾಡ್‌ಕಾಸ್ಟ್‌ಗಳಲ್ಲಿ ನಡುವೆ ತುರುಕುವ ಜಾಹೀರಾತು ಒಬ್ಬೊಬ್ಬರಿಗೆ ಒಂದೊಂದು ಉದ್ದ ಇರುತ್ತದೆ; ಅಂಥ ಕಡೆ ನಿಮಿಷದ ಜೊತೆ ಮಾತಿನ ಮೊದಲ ನಾಲ್ಕೈದು ಪದವನ್ನೂ ಬರೆಯುವುದು ಕ್ಷೇಮ.

ಇಂತಿ,
ಗ್ರಂಥಾಲಯ ಬಳಕೆದಾರರ ಪರವಾಗಿ