ಬರೀ ‘ಡ್ರಾ’ ಅಂದರೆ ಸಾಲದು, ಎಷ್ಟು ನಡೆ ಅಂತಲೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ರಾಷ್ಟ್ರೀಯ ಚೆಸ್ ಚಾಂಪಿಯನ್‌ಷಿಪ್‌ನ ಕೊನೆಯ ಸುತ್ತಿನ ಬಗ್ಗೆ ನಿಮ್ಮ ವರದಿ ಓದಿದೆ. ಮೇಲೆ ‘ನೀರಸ ಡ್ರಾಗಳ ಸರಮಾಲೆ’ ಅಂತ ತಲೆಬರಹ, ಕೆಳಗೆ ಫಲಿತಾಂಶದ ಪಟ್ಟಿ. ಡ್ರಾ, ಡ್ರಾ, ಮತ್ತೆ ಡ್ರಾ. ವರದಿಗಾರರಿಗೆ ಬೇಜಾರಾಗಿದೆ ಅಂತ ಓದಿದರೇ ಗೊತ್ತಾಗುತ್ತದೆ. ನನಗೂ ಆಗಿದೆ. ಆದರೆ ಅಷ್ಟೂ ಡ್ರಾಗಳನ್ನು ಒಂದೇ ಚೀಲಕ್ಕೆ ತುಂಬಿ ಬಿಸಾಕಿದ್ದೀರಲ್ಲ, ಅದಕ್ಕೆ ಈ ಪತ್ರ.

ಆ ಸುತ್ತನ್ನು ನಾನು ನೆಟ್‌ನಲ್ಲಿ ಲೈವ್ ನೋಡಿದೆ. ಕನ್ನಡಕ ಹುಡುಕಿ ತಂದು ಕೂರುವಷ್ಟರಲ್ಲಿ ಮೊದಲ ಬೋರ್ಡಿನ ಆಟ ಮುಗಿದೇ ಹೋಗಿತ್ತು. ಎರಡೂ ರಾಜರನ್ನು ಬೋರ್ಡಿನ ನಡುವೆ ತಂದಿಟ್ಟಿದ್ದರು, ಆಟ ಮುಗಿಯಿತು ಅನ್ನುವುದಕ್ಕೆ ಅದು ಗುರುತು. ಉಳಿದ ಕಾಯಿಗಳು ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ಮೂಲೆಯ ಒಂದು ಆನೆಯಂತೂ ಅಲ್ಲಾಡೇ ಇರಲಿಲ್ಲ. ನಡೆ ಎಣಿಸಿದೆ, ಹದಿನಾಲ್ಕು.

ಅದೇ ಸುತ್ತಿನಲ್ಲಿ ಕೆಳಗಿನ ಬೋರ್ಡೊಂದರಲ್ಲೂ ಡ್ರಾ ಆಯಿತು. ಬಿಳಿ ಕಡೆ ಆನೆ ಮತ್ತು ಒಂಟೆ, ಕಪ್ಪಿನ ಕಡೆ ಬರೀ ಒಂದು ಆನೆ. ಪುಸ್ತಕ ಕೇಳಿದರೆ ಸಾಮಾನ್ಯವಾಗಿ ಇದು ಡ್ರಾ ಅನ್ನುತ್ತದೆ. ಆದರೆ ಕುರ್ಚಿಯಲ್ಲಿ ಕೂತು ಆಡುವುದು ಪುಸ್ತಕ ಅಲ್ಲವಲ್ಲ. ಯಾವ ಕಾಯಿಯನ್ನೂ ಹೊಡೆಯದೆ, ಪದಾತಿ ನಡೆಸದೆ 50 ನಡೆ ಕಳೆದರೆ ಡ್ರಾ ಕೇಳಬಹುದು ಅನ್ನುವುದು ನಿಯಮ, ಹಾಗಾಗಿ ಆ 50 ನಡೆಯನ್ನೂ ಕಪ್ಪು ಕಾಯಿಯ ಹುಡುಗ ಎಡವದೆ ಆಡಬೇಕು, ಅದೂ ಅಷ್ಟು ಹೊತ್ತು ತಲೆ ಬಿಸಿ ಮಾಡಿಕೊಂಡ ಮೇಲೆ, ಪ್ರತಿ ನಡೆಗೆ ಸಿಗುವ 30 ಸೆಕೆಂಡ್ ಬಿಟ್ಟರೆ ಗಡಿಯಾರದಲ್ಲಿ ಬೇರೇನೂ ಉಳಿದಿಲ್ಲದಾಗ. ಅವನ ರಾಜನನ್ನು ಅಂಚಿಗೆ ತಳ್ಳುತ್ತಲೇ ಇದ್ದರು, ಅವನು ಆನೆ ಅಡ್ಡ ಇಟ್ಟು ತಪ್ಪಿಸಿಕೊಳ್ಳುತ್ತಲೇ ಇದ್ದ. ನಾನು ಕಾಗದದ ಮೇಲೆ ಗೀಟು ಹಾಕುತ್ತಾ ಎಣಿಸಿದೆ. ಐವತ್ತನೇ ಗೀಟು ಹಾಕುವಾಗ ಕಾಗದ ಬೆವರಿಗೆ ಒದ್ದೆಯಾಗಿತ್ತು.

ನಿಮ್ಮ ಪಟ್ಟಿಯಲ್ಲಿ ಎರಡೂ ಒಂದೇ. ಡ್ರಾ, ಅರ್ಧ ಪಾಯಿಂಟ್.

ದೊಡ್ಡವರ ಆಟದಲ್ಲೂ ಇದೇ ಕಥೆ. 2018ರ ವಿಶ್ವ ಚಾಂಪಿಯನ್‌ಷಿಪ್ ಲಂಡನ್‌ನಲ್ಲಿ ನಡೆಯಿತು. ಆಗಿನ ಚಾಂಪಿಯನ್ ಕಾರ್ಲ್‌ಸನ್ ಮತ್ತು ಸವಾಲು ಹಾಕಿದ ಕರುವಾನ ಆಡಿದ 12 ಕ್ಲಾಸಿಕಲ್, ಅಂದರೆ ಗಂಟೆಗಟ್ಟಲೆ ಯೋಚಿಸಿ ಆಡುವ, ಆಟಗಳೂ ಡ್ರಾ. ಜಗತ್ತೆಲ್ಲ ಆಡಿಕೊಂಡು ನಕ್ಕಿತು. ಆದರೆ ಮೊದಲನೇ ಆಟ 115 ನಡೆ, ಸುಮಾರು ಏಳು ಗಂಟೆ ಎಳೆಯಿತು, ಕರುವಾನ ಸೋಲಿನ ಬಾಯಿಂದ ಎದ್ದು ಬಂದರು. ಕೊನೆಯ ಆಟದಲ್ಲಿ ಕಾರ್ಲ್‌ಸನ್ ತಮ್ಮ ಕೈಯೇ ಮೇಲಿದ್ದರೂ 31ನೇ ನಡೆಗೆ ಡ್ರಾ ಕೇಳಿಬಿಟ್ಟರು, ಮುಂದೆ ಬೇಗ ಮುಗಿಯುವ ರ‍್ಯಾಪಿಡ್‌ನಲ್ಲಿ ನೋಡಿಕೊಳ್ಳೋಣ ಅನ್ನುವ ಲೆಕ್ಕ. ಲೆಕ್ಕ ಸರಿಯೇ ಇತ್ತು, ರ‍್ಯಾಪಿಡ್‌ನಲ್ಲಿ 3-0. ಆದರೂ ಆ ಎರಡು ಡ್ರಾಗಳನ್ನು ಒಂದೇ ತಕ್ಕಡಿಗೆ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಇನ್ನು 1984ರಲ್ಲಿ ಶುರುವಾದ ಕಾರ್ಪೊವ್-ಕ್ಯಾಸ್ಪರೋವ್ ಪಂದ್ಯದಲ್ಲಿ 48 ಆಟ, ಅದರಲ್ಲಿ 40 ಡ್ರಾ. ಮೊದಲು ಆರು ಗೆದ್ದವರು ಚಾಂಪಿಯನ್ ಅಂತ ನಿಯಮ ಮಾಡಿ, ಕಡೆಗೆ 1985ರ ಫೆಬ್ರುವರಿಯಲ್ಲಿ ಫಲಿತಾಂಶವೇ ಇಲ್ಲದೆ ನಿಲ್ಲಿಸಬೇಕಾಯಿತು. ಅದಕ್ಕೆ ಹೋಲಿಸಿದರೆ ನಮ್ಮ ಚಾಂಪಿಯನ್‌ಷಿಪ್ ಏನೇನೂ ಅಲ್ಲ, ಬಿಡಿ.

ನಾನೇನು ಸಾಚಾ ಅಲ್ಲ. ಬಹಳ ವರ್ಷದ ಹಿಂದೆ ಒಂದು ಟೂರ್ನಿಯ ಕೊನೆಯ ಸುತ್ತಿಗೆ ಮುಂಚೆ ನನ್ನ ಎದುರಾಳಿ ಮೆಟ್ಟಿಲ ಹತ್ತಿರ ಸಿಕ್ಕಿ, ‘ಸುಮ್ನೆ ಯಾಕೆ ಒದ್ದಾಡೋದು, ಅರ್ಧ ಅರ್ಧ ತಗೊಂಡ್ರೆ ಇಬ್ಬರಿಗೂ ಬಹುಮಾನ ಗ್ಯಾರಂಟಿ ಅಲ್ವಾ?’ ಅಂದರು. ನಾನು ಹೂಂ ಅಂದೆ. ಆಮೇಲೆ ಬೋರ್ಡಿನ ಮುಂದೆ ಕೂತು ಇಬ್ಬರೂ ಗಲ್ಲಕ್ಕೆ ಕೈ ಕೊಟ್ಟು ಭಾರೀ ಯೋಚನೆಯ ನಾಟಕ ಆಡಿದೆವು. ಹನ್ನೆರಡನೇ ನಡೆಗೆ ಕೈಕುಲುಕಿದೆವು. ಬಹುಮಾನ ಬಂತು. ಆ ಟೂರ್ನಿಯ ಬೇರೆ ಎಲ್ಲ ಆಟ ಇವತ್ತಿಗೂ ನೆನಪಿದೆ, ಅದೊಂದು ಮಾತ್ರ ಹೇಗೆ ಹೋಯಿತೋ ನೆನಪಿಲ್ಲ. ಅದಕ್ಕೇ ಆಟಗಾರರನ್ನು ಬೈಯುವುದು ನನಗೆ ಕಷ್ಟ. ಸುತ್ತಿನ ಮೇಲೆ ಸುತ್ತು ಆಡಿ ಸುಸ್ತಾದವನ ಮುಂದೆ ಅರ್ಧ ಪಾಯಿಂಟ್ ಇಟ್ಟು, ಇದು ತಗೊಂಡರೆ ಜಾಗ ಖಾಯಂ, ಬಿಟ್ಟರೆ ಎಲ್ಲಿಗೆ ಜಾರುತ್ತೀಯೋ ಗೊತ್ತಿಲ್ಲ ಅಂದರೆ ಯಾರು ಬಿಡುತ್ತಾರೆ?

ಬದಲಾಗಬೇಕಾದ್ದು ನಿಯಮ. 2005ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ನಡೆದ ಟೂರ್ನಿಯಲ್ಲಿ ಆಟಗಾರರು ತಮ್ಮತಮ್ಮಲ್ಲೇ ಡ್ರಾ ಮಾತಾಡುವ ಹಾಗಿಲ್ಲ ಅಂತ ಮಾಡಿದರು. ಒಳ್ಳೆಯದೇ. ಆದರೆ ಮನಸ್ಸಿಲ್ಲದವರಿಗೆ ದಾರಿ ಹತ್ತಾರು. ಮೂರು ಸಲ ಅದೇ ಸ್ಥಿತಿ ಬಂದರೂ ಡ್ರಾ ಕೇಳಬಹುದಲ್ಲ, ಹಾಗಾಗಿ ಮಂತ್ರಿಯನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ಮನೆಗೆ ಹೋಗುತ್ತಾರೆ. ಸ್ಪೇನಿನ ಬಿಲ್ಬಾವೊದ ಟೂರ್ನಿಯಲ್ಲಿ 2008ರಿಂದ ಫುಟ್‌ಬಾಲ್ ಥರ ಗೆಲುವಿಗೆ ಮೂರು, ಡ್ರಾಗೆ ಒಂದು ಪಾಯಿಂಟ್ ಕೊಟ್ಟರು. ‘ನಾರ್ವೆ ಚೆಸ್’ ಟೂರ್ನಿಯಲ್ಲಿ ಡ್ರಾ ಆದರೆ ತಕ್ಷಣ ಆರ್ಮಗೆಡನ್ ಆಡಿಸುತ್ತಾರೆ, ಅಂದರೆ ಗೆದ್ದವರು ಯಾರು ಅಂತ ತೀರ್ಮಾನಿಸಲು ಕೆಲವೇ ನಿಮಿಷದ ಇನ್ನೊಂದು ಆಟ. ಇದು ನನಗೆ ಅಷ್ಟು ಹಿಡಿಸಿಲ್ಲ. ಗಂಟೆಗಟ್ಟಲೆ ಬೆವರಿ ಉಳಿಸಿಕೊಂಡವನು ಇನ್ನು ಕೆಲವೇ ನಿಮಿಷದಲ್ಲಿ ಗಡಿಯಾರಕ್ಕೆ ಸೋಲುವುದು ಯಾವ ನ್ಯಾಯ?

ನನಗೆ ಇಷ್ಟವಾಗಿದ್ದು 2023ರಲ್ಲಿ ನಡೆದ, ಕೆಲವೇ ನಿಮಿಷದ ಆಟಗಳ ವಿಶ್ವ ಬ್ಲಿಟ್ಜ್‌ನ ತೀರ್ಪು. ಸಮರ್‌ಕಂಡ್‌ನಲ್ಲಿ ರಷ್ಯಾದ ಆಟಗಾರರಾದ ನೆಪೊಮ್ನಿಯಾಶಿ ಮತ್ತು ದುಬೊವ್ ಬರೀ ಕುದುರೆಗಳನ್ನು ಕುಣಿಸಿ ಡ್ರಾ ಮಾಡಿಕೊಂಡರು. ನೋಡಲು ತಮಾಷೆಯಾಗಿತ್ತು, ನಾನೂ ನಕ್ಕೆ. ಮುಖ್ಯ ತೀರ್ಪುಗಾರರು ನಗಲಿಲ್ಲ, ಇಬ್ಬರಿಗೂ ಸೊನ್ನೆ ಕೊಟ್ಟರು. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಅಷ್ಟು ಗಟ್ಟಿ ನಿಲುವು ಬರುತ್ತದೋ ಇಲ್ಲವೋ, ಕೊನೇಪಕ್ಷ 30 ನಡೆಗೆ ಮೊದಲು ಡ್ರಾ ಕೇಳಬಾರದು ಅಂತಾದರೂ ಮಾಡಲಿ.

ಅದು ಸಂಘಟಕರ ಕೆಲಸ. ನಿಮ್ಮಿಂದ ಕೇಳುವುದು ಇನ್ನೂ ಸಣ್ಣದು. ಮುಂದಿನ ಸಲ ಫಲಿತಾಂಶದ ಪಕ್ಕ ನಡೆಗಳ ಸಂಖ್ಯೆ ಹಾಕಿ. ‘ಡ್ರಾ, 14 ನಡೆ’. ‘ಡ್ರಾ, 121 ನಡೆ’. ಜಾಗ ಜಾಸ್ತಿ ಬೇಡ, ಒಂದು ಅಂಕಿ ಅಷ್ಟೇ. ತಮ್ಮ ಹೆಸರಿನ ಮುಂದೆ 14 ಅಂತ ಊರೆಲ್ಲ ಓದುತ್ತದೆ ಅಂದರೆ ಮೊದಲ ಬೋರ್ಡಿನವರು ಇನ್ನೊಂದಿಷ್ಟು ನಡೆ ಆಡಿಯಾರು. ಆ ಆನೆಯ ಹುಡುಗನ ಮನೆಯವರಿಗೂ ಕತ್ತರಿಸಿ ಇಟ್ಟುಕೊಳ್ಳಲು ಏನಾದರೂ ಸಿಗುತ್ತದೆ.

ಇತಿ,
ಚೆಸ್ ಹುಚ್ಚು ಬಿಡದ ಒಬ್ಬ ಓದುಗ