ಒಂದು ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು

ಮಾನ್ಯ ಸಂಪಾದಕರೇ,

ರಾಮನವಮಿ ಕಳೆದ ಮೂರನೇ ದಿನ ನಮ್ಮ ಮಹಡಿ ಮನೆಯ ಮಗುವಿಗೆ ಭೇದಿ ಶುರುವಾಯಿತು. ಎರಡೂವರೆ ವರ್ಷದ ಹುಡುಗಿ. ತಾಯಿ ಮೆಡಿಕಲ್ ಶಾಪಿಗೆ ಓಡಿ ಓಆರ್‌ಎಸ್ ಪೊಟ್ಟಣ, ಅಂದರೆ ಭೇದಿಯಾದಾಗ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ ತಂದರು. ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಿ ಚಮಚದಲ್ಲಿ ಕುಡಿಸಿದರು. ಆದರೂ ಸಂಜೆಗೆ ಭೇದಿ ಜಾಸ್ತಿಯಾಯಿತು. ಮಗು 'ನೀರು, ನೀರು' ಎಂದು ಅಳುತ್ತಿತ್ತು. ನಾನು ಮೇಲೆ ಹೋಗಿ ನೋಡಿದೆ. ಒಂದು ಲೀಟರಿಗೆ ಹಾಕಬೇಕಾದ ಇಡೀ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದಿದ್ದರು. "ಗಟ್ಟಿಯಾಗಿದ್ರೆ ಬೇಗ ಶಕ್ತಿ ಬರುತ್ತೆ ಅಂದ್ಕೊಂಡೆ ಆಂಟಿ" ಎಂದು ಆ ತಾಯಿ ಅತ್ತೇಬಿಟ್ಟರು.

ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಒಂದು ರಾತ್ರಿ ಡ್ರಿಪ್ ಹಾಕಿದರು. ಮಗು ಈಗ ಆರಾಮಾಗಿದೆ.

ನನಗೆ ನಿದ್ದೆ ಬರಲಿಲ್ಲ. ನಾನು 27 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಪ್ರತಿ ವರ್ಷ ಒಂಬತ್ತನೇ ತರಗತಿಗೆ ಅಭಿಸರಣದ, ಅಂದರೆ ಪೊರೆಯ ಮೂಲಕ ನೀರು ಹರಿಯುವುದರ ಪಾಠ ಮಾಡಿದ್ದೇನೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿ ಉಬ್ಬಿಸಿ, ಮತ್ತೆ ಗಟ್ಟಿ ಸಕ್ಕರೆ ನೀರಿಗೆ ಹಾಕಿ ಸುಕ್ಕಾಗುವುದನ್ನು ತೋರಿಸಿದ್ದೇನೆ. ಮಕ್ಕಳು ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಪೂರ್ತಿ ಅಂಕ ತೆಗೆದಿದ್ದಾರೆ. ಮಹಡಿ ಮನೆಯ ತಾಯಿಯೂ ಎಲ್ಲೋ ಒಂದು ಶಾಲೆಯಲ್ಲಿ ಹೀಗೇ ಓದಿದವರು. ಆದರೆ ಆ ಪಾಠಕ್ಕೂ ಓಆರ್‌ಎಸ್ ಪೊಟ್ಟಣಕ್ಕೂ ನಂಟಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ನನ್ನ ಮಕ್ಕಳಿಗೆ ಹೇಳಿರಲಿಲ್ಲ.

ಸೌತೆಕಾಯಿ ಕೋಸಂಬರಿಗೆ ಬಡಿಸುವ ಹೊತ್ತಿಗೇ ಉಪ್ಪು ಹಾಕಬೇಕು ಅಂತ ನಮ್ಮ ಅತ್ತೆ ಹೇಳುತ್ತಿದ್ದರು. ಮೊದಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ ಅಲ್ವಾ? ಜೀವಕೋಶದ ಪೊರೆ ನೀರನ್ನು ದಾಟಲು ಬಿಡುತ್ತದೆ, ಉಪ್ಪನ್ನು ಸುಲಭಕ್ಕೆ ಬಿಡುವುದಿಲ್ಲ. ಯಾವ ಕಡೆ ಕರಗಿದ ಕಣಗಳು ಜಾಸ್ತಿಯೋ ಆ ಕಡೆಗೆ ನೀರು ಹರಿಯುತ್ತದೆ. ಕರುಳಿನಲ್ಲೂ ನಡೆಯುವುದು ಇದೇ. ಸರಿಯಾಗಿ ಕಲಸಿದ ಓಆರ್‌ಎಸ್‌ನಲ್ಲಿ ಕರಗಿದ ಕಣಗಳ ಲೆಕ್ಕ, ಮಿಲಿಆಸ್ಮೋಲ್ ಎಂಬ ಅಳತೆಯಲ್ಲಿ, ಲೀಟರಿಗೆ 245. ನಮ್ಮ ರಕ್ತದಲ್ಲಿ ಅದು ಸುಮಾರು 290. ರಕ್ತಕ್ಕಿಂತ ತೆಳುವಾಗಿರುವುದರಿಂದ ನೀರು ಕರುಳಿನಿಂದ ಒಳಕ್ಕೆ ಹೋಗುತ್ತದೆ. ಅದೇ ಪೊಟ್ಟಣ 200 ಮಿಲಿಲೀಟರ್ ಲೋಟದಲ್ಲಿ ಕರಗಿದರೆ ಲೆಕ್ಕ 1,200 ದಾಟುತ್ತದೆ. ಆಗ ಕರುಳು ಮೈಯಿಂದಲೇ ನೀರನ್ನು ಎಳೆಯುತ್ತದೆ. ಭೇದಿ ಹೆಚ್ಚುತ್ತದೆ, ರಕ್ತದಲ್ಲಿ ಉಪ್ಪು ಏರುತ್ತದೆ. ಎಳೆ ಮಕ್ಕಳಿಗೆ ಇದು ನಿಜಕ್ಕೂ ಅಪಾಯ.

ಬರೀ ನೀರು ಸಾಲದು, ಉಪ್ಪು ಸಕ್ಕರೆ ಎರಡೂ ಯಾಕೆ ಬೇಕು ಎನ್ನುವುದು ಇನ್ನೂ ಚೆನ್ನಾಗಿದೆ. ಸಣ್ಣ ಕರುಳಿನ ಕೋಶಗಳಲ್ಲಿ ಒಂದು ಬಾಗಿಲಿದೆ. ಎರಡು ಸೋಡಿಯಂ ಕಣ ಜೊತೆಗಿದ್ದರೆ ಮಾತ್ರ ಅದು ಒಂದು ಗ್ಲೂಕೋಸನ್ನು ಒಳಗೆ ಬಿಡುತ್ತದೆ. ಅವು ಹೋದ ಹಿಂದೆಯೇ ನೀರೂ ಹೋಗುತ್ತದೆ. ಕಾಲರಾದಲ್ಲೂ ಈ ಬಾಗಿಲು ಕೆಡುವುದಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಲನಬಿಸ್ ಅವರು ನಂಬಿದ್ದು ಇದನ್ನೇ. ಡ್ರಿಪ್ ಬಾಟಲ್ ಮುಗಿದು ಹೋಗಿತ್ತು. ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನು ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಇಂಥ ಮದ್ದು ನಮ್ಮ ಅಡುಗೆಮನೆಯಲ್ಲಿ ಸುಮ್ನೆ ಅಳತೆ ತಪ್ಪಿ ಕೆಡಬಾರದು.

ಸಿಹಿ ಪಾನೀಯಗಳು ಹೆಸರಿನಲ್ಲಿ ಓಆರ್‌ಎಸ್ ಎಂದು ಹಾಕಿಕೊಳ್ಳಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿತು. ಅದು ಒಳ್ಳೆಯ ಕೆಲಸ. ಆದರೆ ಅಸಲಿ ಪೊಟ್ಟಣವನ್ನೂ ತಪ್ಪಾಗಿ ಕಲಸುತ್ತಿದ್ದೇವಲ್ಲ? ಅಂಗಡಿಯಲ್ಲಿ ಎರಡು ಅಳತೆಯ ಪೊಟ್ಟಣ ಸಿಗುತ್ತವೆ. ದೊಡ್ಡದು ಒಂದು ಲೀಟರಿಗೆ, ಚಿಕ್ಕದು 200 ಮಿಲಿಲೀಟರಿಗೆ. ನಾವು ತಂದಿದ್ದ ಪೊಟ್ಟಣದಲ್ಲಿ ನೀರಿನ ಅಳತೆ ಇತ್ತು, ಆದರೆ ಇಂಗ್ಲಿಷಿನಲ್ಲಿ, ಕನ್ನಡಕ ಹಾಕಿದರೂ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ. ಅದನ್ನು ಕನ್ನಡದಲ್ಲಿ ದಪ್ಪಗೆ, ಒಂದು ಬಾಟಲ್ ಚಿತ್ರದ ಜೊತೆ ಮುದ್ರಿಸಲಿ. ಮೆಡಿಕಲ್ ಶಾಪಿನವರು ಪೊಟ್ಟಣ ಕೊಡುವಾಗ "ಇದಕ್ಕೆ ಒಂದು ಲೀಟರ್" ಎಂದು ಬಾಯಿಬಿಟ್ಟು ಹೇಳಲಿ, ಎರಡು ಸೆಕೆಂಡಿನ ಮಾತು. ಪಾಠ ಮಾಡುತ್ತಿರುವ ನನ್ನ ಗೆಳತಿಯರಲ್ಲೂ ಒಂದು ಕೋರಿಕೆ. ಒಣದ್ರಾಕ್ಷಿಯ ಪಕ್ಕದಲ್ಲೇ ಒಂದು ಓಆರ್‌ಎಸ್ ಪೊಟ್ಟಣ ಇಡಿ, ಮಕ್ಕಳ ಕೈಯಲ್ಲೇ ಕಲಸಿಸಿ.

ನಿಮ್ಮ ಪತ್ರಿಕೆಗೂ ಒಂದು ಮನವಿ. ಬೇಸಿಗೆ ಮುಗಿಯುವವರೆಗೆ ಪುಟದ ಒಂದು ಮೂಲೆಯಲ್ಲಿ ಇಷ್ಟು ಹಾಕಿ: ದೊಡ್ಡ ಓಆರ್‌ಎಸ್ ಪೊಟ್ಟಣಕ್ಕೆ, ತೊಳೆದ ಒಂದು ಲೀಟರ್ ನೀರಿನ ಬಾಟಲ್ ಭರ್ತಿ ಕಾಯಿಸಿ ಆರಿಸಿದ ನೀರು. ಬೇರೆ ಸಕ್ಕರೆ, ಉಪ್ಪು ಏನೂ ಸೇರಿಸಬೇಡಿ. 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ.

— ನಿವೃತ್ತ ವಿಜ್ಞಾನ ಶಿಕ್ಷಕಿ
ಚಾಮರಾಜಪೇಟೆ, ಬೆಂಗಳೂರು