ಬುಗ್ಗೆಯಿಂದ 13 ಪೋಲ್ ಮೇಲೆ, ಬಿಳಿ ಓಕ್ ಮರ

ಪ್ರಿಯ ಓದುಗರೇ,

ಈ ಬೇಸಿಗೆ ರಜೆಯಲ್ಲಿ ಮನೆಯವರೆಲ್ಲ ಸೇರಿ ಅಮೆರಿಕದ ಕೆಂಟಕಿ ರಾಜ್ಯದ ಹಾಜನ್‌ವಿಲ್‌ಗೆ ಹೋಗಿದ್ದೆವು. ಅಬ್ರಹಾಂ ಲಿಂಕನ್ ಹುಟ್ಟಿದ ಜಮೀನು ಇರುವುದು ಅಲ್ಲೇ. ದೊಡ್ಡ ಕಲ್ಲಿನ ಸ್ಮಾರಕ, ಹತ್ತಲು 56 ಮೆಟ್ಟಿಲು, ಒಳಗೊಂದು ಮರದ ದಿಮ್ಮಿಗಳ ಗುಡಿಸಲು. ಮಕ್ಕಳು ಮೆಟ್ಟಿಲು ಎಣಿಸುತ್ತಾ ಹತ್ತಿದರು. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಒಂದು ಮರ. ಅದು ಈಗ ಇಲ್ಲ.

1805ರ ಸರ್ವೆಯಲ್ಲಿ ಆ ಜಮೀನಿನ ಗಡಿ ಶುರುವಾಗುವುದೇ ಅಲ್ಲಿನ ನೀರಿನ ಬುಗ್ಗೆಯಿಂದ 13 ಪೋಲ್ ಮೇಲಿರುವ ದೊಡ್ಡ ಬಿಳಿ ಓಕ್ ಮರದಿಂದ. ಪೋಲ್ ಅಂದರೆ ಹದಿನಾರೂವರೆ ಅಡಿ. ನಮ್ಮ ಗುಂಟೆಯ ಒಂದು ಬದಿ 33 ಅಡಿ, ಸರಿಯಾಗಿ 2 ಪೋಲ್. ಅಲ್ಲೂ ಇಲ್ಲೂ ಭೂಮಿ ಅಳೆದದ್ದು ಇಂಗ್ಲಿಷರ ಸರಪಳಿ ಲೆಕ್ಕದಲ್ಲೇ, ಅಲ್ವಾ? ಆ ಮರ 1976ರಲ್ಲಿ ಒಣಗಿತು, ಹತ್ತು ವರ್ಷದ ನಂತರ ಅದನ್ನು ಕಡಿದರು.

ಗಡಿಗೆ ಮರ ಅಂದ ಕೂಡಲೇ ನನಗೆ ನಮ್ಮ ಮನೆಯ ಹಳೇ ಕ್ರಯಪತ್ರದ ಚೆಕ್ಕುಬಂದಿ ನೆನಪಾಯಿತು. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗಾಡಿ ದಾರಿ, ಉತ್ತರಕ್ಕೆ ಹುಣಸೆಮರ, ದಕ್ಷಿಣಕ್ಕೆ ದಾಯಾದಿಗಳ ಹೊಲ. ಅವತ್ತಿನಿಂದ ಲಿಂಕನ್‌ನ ಅಪ್ಪ ಥಾಮಸ್ ಲಿಂಕನ್‌ನ ಜಮೀನು ವ್ಯವಹಾರಗಳನ್ನು ಹುಡುಕಿ ಓದುತ್ತಾ ಕೂತಿದ್ದೇನೆ.

ಮಗ ಅಪ್ಪನ ಬಗ್ಗೆ ಹೇಳಿದ್ದು ತುಂಬ ಕಡಿಮೆ. 1860ರಲ್ಲಿ ಚುನಾವಣೆಗೆ ಅಂತ ಬರೆದುಕೊಟ್ಟ ಆತ್ಮಚರಿತ್ರೆಯಲ್ಲಿ, ಅಪ್ಪ ಓದು ಬರಹ ಇಲ್ಲದೆ ಬೆಳೆದವನು, ತಡವರಿಸುತ್ತಾ ಹೆಸರು ಬರೆಯುವುದಷ್ಟೇ ಗೊತ್ತಿತ್ತು ಅಂತ ಬರೆದ. 1851ರಲ್ಲಿ ಅಪ್ಪ ತೀರಿಕೊಂಡಾಗ ಮಣ್ಣಿಗೂ ಹೋಗಲಿಲ್ಲ. ಇಷ್ಟನ್ನೇ ಓದಿದರೆ ಥಾಮಸ್ ಕೈಲಾಗದ, ಊರೂರು ಅಲೆಯುವ ಮನುಷ್ಯ ಅನ್ನಿಸುತ್ತಾನೆ. ನಾನೂ ಹಾಗೇ ಅಂದುಕೊಂಡಿದ್ದೆ.

ಕೋರ್ಟು ಕಚೇರಿಯ ಕಾಗದಗಳಲ್ಲಿ ಸಿಗುವ ಥಾಮಸ್ ಬೇರೆ. 1786ರಲ್ಲಿ ಅವನ ಅಪ್ಪನನ್ನು ಹೊಲದಲ್ಲೇ ಕೊಂದರು. ಆಗ ಥಾಮಸ್ ಇನ್ನೂ ಚಿಕ್ಕ ಹುಡುಗ. ಸಾವಿರಾರು ಎಕರೆ ಭೂಮಿ ಇತ್ತು. ಆದರೆ ಕೆಂಟಕಿ ಆಗ ವರ್ಜೀನಿಯಾಕ್ಕೆ ಸೇರಿತ್ತು, ಅಲ್ಲಿನ ಕಾನೂನಿನಲ್ಲಿ ಆಸ್ತಿಯೆಲ್ಲ ಹಿರಿಮಗನಿಗೆ. ಅಣ್ಣ ಮಾರ್ಡೆಕೈಗೆ ಎಲ್ಲವೂ ಹೋಯಿತು. ಎಲ್ಲ ಮಕ್ಕಳಿಗೂ ಪಾಲು ಕೊಡುವ ಹೊಸ ಕಾನೂನು ಜಾರಿಗೆ ಬಂದದ್ದು 1787ರ ಜನವರಿ 1ಕ್ಕೆ. ಕೆಲವೇ ತಿಂಗಳು! ಪಾಲುಪಟ್ಟಿಯ ಜಗಳಗಳನ್ನು ಕಣ್ಣಾರೆ ಕಂಡು ಬೆಳೆದ ನಮ್ಮಂಥವರಿಗೆ ಇದರ ಭಾರ ಬಿಡಿಸಿ ಹೇಳಬೇಕಿಲ್ಲ.

ಬರಿಗೈಯಲ್ಲಿ ಉಳಿದ ಹುಡುಗ ಬಡಗಿ ಕೆಲಸ ಕಲಿತ. 1803ರಲ್ಲಿ ಹಾರ್ಡಿನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) 238 ಎಕರೆ ಕೊಂಡ. ಮುಂದೆ ಅದನ್ನು ಮಾರುವಾಗ ಪತ್ರದಲ್ಲಿ ಉಳಿದದ್ದು 200 ಎಕರೆ. ಸರ್ವೆ ತಪ್ಪಿನಿಂದ 38 ಎಕರೆ ಮಾಯ. 1808ರ ಡಿಸೆಂಬರ್‌ನಲ್ಲಿ ಬುಗ್ಗೆ ಇರುವ ಈ 300 ಎಕರೆಯನ್ನು 200 ಡಾಲರ್‌ಗೆ ಕೊಂಡ. ಎರಡು ತಿಂಗಳಿಗೆ ಅಬ್ರಹಾಂ ಹುಟ್ಟಿದ. ಆದರೆ ಆ ಜಮೀನಿನ ಮೇಲೆ ಹಿಂದಿನವರ ಬಾಕಿ ಇತ್ತು. ದಾವೆ ಬಿತ್ತು, ಜಮೀನು ಹೋಯಿತು. ಅಷ್ಟರಲ್ಲಿ ನಾಬ್ ಕ್ರೀಕ್ ಅನ್ನುವ ಹತ್ತಿರದ ಜಾಗಕ್ಕೆ ಹೋಗಿದ್ದ. 1815ರಲ್ಲಿ ಅಲ್ಲಿಂದಲೂ ಒಕ್ಕಲೆಬ್ಬಿಸಲು ಫಿಲಡೆಲ್ಫಿಯಾ ಕಡೆಯ ವಾರಸುದಾರರು ಕೇಸು ಹಾಕಿದರು. ಅವರ ಪ್ರಕಾರ ಸುತ್ತಲಿನ 10,000 ಎಕರೆಯೂ ಅವರದೇ.

ಇದರಲ್ಲಿ ಥಾಮಸ್‌ನ ತಪ್ಪು ಏನಿತ್ತು ಹೇಳಿ? ಕೆಂಟಕಿಯಲ್ಲಿ ಮರ, ಕಲ್ಲು, ಹೊಳೆ ನೋಡಿ ಅವರವರೇ ಗಡಿ ಬರೆಸಿಕೊಂಡಿದ್ದರು. ಮನೆ ಮೇಲಿನ ಹೆಂಚಿನ ಹಾಗೆ ಒಂದರ ಮೇಲೊಂದು ಹಕ್ಕುಪತ್ರ. ಓಹಾಯೋ ನದಿಯ ಆಚೆ ಹಾಗಿರಲಿಲ್ಲ. 1785ರ ಕಾನೂನಿನಂತೆ ಸರ್ಕಾರವೇ ಮೊದಲು ಚೌಕಚೌಕವಾಗಿ ಅಳೆದು, ಆಮೇಲೆ ಮಾರುತ್ತಿತ್ತು. ಟೌನ್‌ಶಿಪ್ ಅನ್ನುವ ಒಂದು ದೊಡ್ಡ ಚೌಕಕ್ಕೆ ಸೆಕ್ಷನ್ ಅನ್ನುವ 36 ಚಿಕ್ಕ ಚೌಕ, ಒಂದು ಸೆಕ್ಷನ್‌ಗೆ 640 ಎಕರೆ. ಥಾಮಸ್ 1816ರ ಕೊನೆಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ನದಿ ದಾಟಿ ಇಂಡಿಯಾನಾ ಸೇರಿದ. ಮರುವರ್ಷ ವಿನ್ಸೆನ್ಸ್‌ನ ಸರ್ಕಾರಿ ಕಚೇರಿಯಲ್ಲಿ, ಎಕರೆಗೆ 2 ಡಾಲರ್‌ನಂತೆ 160 ಎಕರೆಗೆ ಮುಂಗಡ ಕಟ್ಟಿದ. ಹತ್ತು ವರ್ಷದ ನಂತರ ಅರ್ಧ ಜಮೀನು ಸರ್ಕಾರಕ್ಕೆ ಬಿಟ್ಟುಕೊಟ್ಟು, ಕಟ್ಟಿದ್ದ ದುಡ್ಡನ್ನೆಲ್ಲ ಉಳಿದ 80 ಎಕರೆಗೆ ಜಮೆ ಮಾಡಿಸಿಕೊಂಡ. 1827ರಲ್ಲಿ ಹಕ್ಕುಪತ್ರ ಕೈಗೆ ಬಂತು. ಕೆಂಟಕಿ ಬಿಟ್ಟದ್ದು ಸ್ವಲ್ಪ ಗುಲಾಮಗಿರಿಯ ಕಾರಣಕ್ಕೆ, ಮುಖ್ಯವಾಗಿ ಭೂಮಿ ತಕರಾರಿಗೆ ಅಂತ ಮಗನೇ ಒಂದು ಸಾಲು ಬರೆದಿದ್ದಾನೆ. ಆ ಒಂದು ಸಾಲಿನ ಹಿಂದೆ ಇಷ್ಟೆಲ್ಲ ಇದೆ.

ಇನ್ನೂ ಇದೆ. ಥಾಮಸ್ ಜ್ಯೂರಿಯಲ್ಲಿ ಕೂತದ್ದು, ರಸ್ತೆ ನೋಡಿಕೊಳ್ಳಲು ನೇಮಕವಾದದ್ದು, ಕುದುರೆಗಳಿಗೆ ತೆರಿಗೆ ಕಟ್ಟಿದ್ದು ಎಲ್ಲ ದಾಖಲಾಗಿದೆ. ಗರಗಸದ ಮಿಲ್ಲಿಗೆ ಕೆತ್ತಿಕೊಟ್ಟ ಮರ ಸರಿಯಿಲ್ಲ ಅಂತ ಮಿಲ್ಲಿನವನು ಕೇಸು ಹಾಕಿದಾಗ ಗೆದ್ದದ್ದು ಥಾಮಸ್. ಊರಿನವರು ಲೆಕ್ಕಕ್ಕೆ ಇಟ್ಟುಕೊಂಡಿದ್ದ ಮನುಷ್ಯ ಅವನು.

ನನ್ನನ್ನು ತುಂಬ ಕಾಡಿದ್ದು ಮದುವೆಯ ಕಾಗದ. ಲಿಂಕನ್‌ನ ತಂದೆ ತಾಯಿಗೆ ಮದುವೆಯೇ ಆಗಿರಲಿಲ್ಲ ಅನ್ನುವ ಗಾಳಿಸುದ್ದಿ ಬಹಳ ಕಾಲ ಇತ್ತು. ಅವರು ಸಂಸಾರ ಮಾಡಿದ ಹಾರ್ಡಿನ್ ಕೌಂಟಿಯಲ್ಲಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಲಿಂಕನ್ ತೀರಿಕೊಂಡು ಎಷ್ಟೋ ವರ್ಷದ ಮೇಲೆ ಅದು ಪಕ್ಕದ ವಾಷಿಂಗ್ಟನ್ ಕೌಂಟಿಯ ಕೋರ್ಟಿನಲ್ಲಿ ಸಿಕ್ಕಿತು. 1806ರ ಜೂನ್ 10ರ ಕರಾರುಪತ್ರ, ಕೆಳಗೆ ಥಾಮಸ್‌ನ ಸ್ವಂತ ಸಹಿ. ಲಿಂಕನ್‌ನ ತಾಯಿ ನ್ಯಾನ್ಸಿಯ ಕಡೆಯವರು ಇದ್ದದ್ದು ಆ ಕೌಂಟಿಯಲ್ಲಿ. ನಮ್ಮಲ್ಲೂ ಮದುವೆ ಹೆಣ್ಣಿನ ಊರಲ್ಲೇ ಜಾಸ್ತಿ ತಾನೆ? ಯಾರಾದರೂ ನಮ್ಮ ಅಜ್ಜಿಯಂದಿರನ್ನು ಕೇಳಿದ್ದರೆ, ಮೊದಲು ಹುಡುಗಿ ಕಡೆ ಹುಡುಕಿ ಅಂದಿರೋರು.

ನಿಮ್ಮ ಮಕ್ಕಳು ಇಲ್ಲಿ ಅಮೆರಿಕದ ಶಾಲೆಯಲ್ಲಿ ವಂಶವೃಕ್ಷದ ಪ್ರಾಜೆಕ್ಟ್ ಮಾಡುತ್ತಾರೆ. ಹೆಸರು ಬರೆಸಿ ಸುಮ್ನೆ ಬಿಡಬೇಡಿ. ಈ ದೇಶದ ಕೇಂದ್ರ ಸರ್ಕಾರ ಕೊಟ್ಟ ಹಳೇ ಹಕ್ಕುಪತ್ರಗಳನ್ನು ಅದರ ಭೂ ಇಲಾಖೆಯಾದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು, ಒಂದನ್ನು ತೆಗೆದು ತೋರಿಸಿ. ಆಮೇಲೆ ಊರಿನದು ತೋರಿಸಿ. ಪಹಣಿ ಈಗಿನ ಮಾಲೀಕರನ್ನು ಹೇಳುತ್ತದೆ, ಮ್ಯುಟೇಷನ್ ಅದು ಯಾರಿಂದ ಯಾರಿಗೆ ಬಂತು ಅಂತ ಹೇಳುತ್ತದೆ. ಗೇಣಿಗೆ ಉಳುತ್ತಿದ್ದ ಮನೆತನದವರಾದರೆ ಉಳುವ ಭೂಮಿಯ ಹಕ್ಕು ಕೇಳಿ 1974ರ ನಂತರ ಕೊಟ್ಟ ಫಾರಂ 7 ಅರ್ಜಿ, ಭೂ ನ್ಯಾಯಮಂಡಳಿಯ ಆದೇಶ ಕೇಳಿ ನೋಡಿ. ಎಷ್ಟು ವರ್ಷದಿಂದ ಉಳುತ್ತಿದ್ದೇವೆ, ಯಾರಿಗೆ ಗೇಣಿ ಕೊಡುತ್ತಿದ್ದೆವು ಅಂತ ನಿಮ್ಮ ಅಜ್ಜನ ಹೇಳಿಕೆಯೇ ಅದರಲ್ಲಿ ಇರಬಹುದು.

ನಮ್ಮ ಕ್ರಯಪತ್ರದ ಫೋಟೋ ಕಳಿಸು ಅಂತ ತಂಗಿಗೆ ಹೇಳಿದ್ದೆ, ಮೊನ್ನೆ ಬಂತು. ಮಡಿಕೆಯ ಜಾಗದಲ್ಲಿ ಕಾಗದ ಹರಿದಿದೆ. ಕೆಳಗೆ ಮುತ್ತಜ್ಜಿಯ ಹೆಬ್ಬೆಟ್ಟಿನ ಗುರುತು, ಮಸಿ ಜಾಸ್ತಿಯಾಗಿ ಅರ್ಧ ಗೆರೆ ಮುಚ್ಚಿಹೋಗಿದೆ. ಮುತ್ತಜ್ಜಿಯ ಫೋಟೋ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಚೆಕ್ಕುಬಂದಿಯ ಆ ಹುಣಸೆಮರ ಎಲ್ಲಿತ್ತು ಅಂತ ದೊಡ್ಡಪ್ಪನಿಗೆ ಮಾತ್ರ ಗೊತ್ತು. ಅವರಿಗೆ 84 ವರ್ಷ. ಫೋನಲ್ಲಿ ಕೇಳಿದರೆ, "ಬಾ, ನಡಕೊಂಡು ಹೋಗಿ ತೋರಿಸ್ತೀನಿ" ಅಂದರು. ಡಿಸೆಂಬರ್‌ಗೆ ಟಿಕೆಟ್ ಮಾಡಿಸಿದ್ದೇನೆ.

– ಸಂಪಾದಕ